ಬಿಡುವಾದ ಕಾಲು

ಕಾರಿನ ಸ್ಟೀರಿಂಗ್ ಮೇಲಿರುವ ಒಂದು ಪುಟ್ಟ ಗುಂಡಿಯ ಬಗ್ಗೆ ನೀತಿಯ ಪ್ರಶ್ನೆ ಎತ್ತುವುದು ಅತಿಯಾಯಿತು ಎಂದು ಯಾರಿಗಾದರೂ ಅನ್ನಿಸಬಹುದು. ಕ್ರೂಸ್ ಕಂಟ್ರೋಲ್ ಮಾಡುವ ಕೆಲಸ ಸರಳವಾದದ್ದು. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವಾಗ ಅದನ್ನು ಒತ್ತಿದರೆ ಆ ವೇಗವನ್ನು ಕಾರೇ ಹಿಡಿದಿಟ್ಟುಕೊಳ್ಳುತ್ತದೆ. ಏರು ಬಂದರೆ ತಾನೇ ಎಂಜಿನ್ನಿಗೆ ಹೆಚ್ಚು ಕೊಡುತ್ತದೆ, ಏರು ಮುಗಿದರೆ ಕಡಿಮೆ ಮಾಡುತ್ತದೆ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆಯಬಹುದು. ಬ್ರೇಕ್ ಮುಟ್ಟಿದರೆ, ಗೇರಿನ ಕಾರಾದರೆ ಕ್ಲಚ್ ತುಳಿದರೂ, ಅದು ಕಳಚಿಕೊಳ್ಳುತ್ತದೆ. ಹಿಂದೆ ದುಬಾರಿ ಕಾರುಗಳಲ್ಲಿ ಮಾತ್ರ ಇದ್ದ ಈ ಅನುಕೂಲ ಈಗ ನಮ್ಮ ಹೊಳಲ್ಕೆರೆ ಕಡೆಯ ಅಡಿಕೆ ಬೆಳೆಗಾರರ ಅಂಗಳದಲ್ಲಿ ನಿಂತ ಕಾರುಗಳಲ್ಲೂ ಇದೆ. ಇದನ್ನು ಸುರಕ್ಷಿತವಾಗಿ ಬಳಸುವುದು ಹೇಗೆ ಎಂದು ಕೇಳಿದರೆ ಕಾರಿನ ಜೊತೆ ಬರುವ ಕೈಪಿಡಿ ಉತ್ತರ ಹೇಳುತ್ತದೆ: ಮಳೆಯಲ್ಲಿ ಬೇಡ, ತಿರುವುಗಳಲ್ಲಿ ಬೇಡ, ವಾಹನ ದಟ್ಟಣೆಯಲ್ಲಿ ಬೇಡ, ಯಾವಾಗಲೂ ಎಚ್ಚರವಾಗಿರಿ.

ಮೊದಲ ಮೂರರಲ್ಲಿ ತಕರಾರಿಲ್ಲ. ನಾಲ್ಕನೆಯದರ ಹತ್ತಿರ ನನಗೆ ಕಾಲು ತಡೆಯುತ್ತದೆ. ಒಬ್ಬನ ಕೈಯಿಂದ ಕೆಲಸ ತೆಗೆದುಕೊಂಡು, ಆ ಕೆಲಸಕ್ಕೆ ಬೇಕಾಗಿದ್ದ ಎಚ್ಚರವನ್ನು ಮಾತ್ರ ನಿನ್ನ ಹತ್ತಿರವೇ ಇಟ್ಟುಕೋ ಎಂದರೆ ಅದು ಅವನಿಂದ ಆಗುವ ಮಾತೇ? ನನ್ನ ಪಿಎಚ್‌.ಡಿ. ವಿಷಯ ಹೊಣೆಗಾರಿಕೆ. ಇನ್ನೊಬ್ಬರಿಗೆ ವಹಿಸಿಕೊಟ್ಟ ಕೆಲಸದಲ್ಲಿ ನಮ್ಮ ಪಾಲಿಗೆ ಏನು ಉಳಿಯುತ್ತದೆ ಎಂಬ ಪ್ರಶ್ನೆಯ ಸುತ್ತ ನಾಲ್ಕು ವರ್ಷದಿಂದ ಸುತ್ತುತ್ತಿದ್ದೇನೆ. ಗ್ರಂಥಾಲಯದಲ್ಲಿ ಸಿಗದ ಒಂದು ಒಳ್ಳೆಯ ಉದಾಹರಣೆ ಚಿಕ್ಕಪ್ಪನ ಕಾರಿನಲ್ಲಿ ಸಿಕ್ಕಿತು.

ಈ ಸಾಧನವನ್ನು ರೂಪಿಸಿದ ರಾಲ್ಫ್ ಟೀಟರ್‌ಗೆ ಕಣ್ಣು ಕಾಣುತ್ತಿರಲಿಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಹೇಗರ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ 1890ರಲ್ಲಿ ಹುಟ್ಟಿದ ಅವನು ಐದನೆಯ ವಯಸ್ಸಿನಲ್ಲಿ ಚಾಕುವಿನ ಅವಘಡವೊಂದರಿಂದ ದೃಷ್ಟಿ ಕಳೆದುಕೊಂಡ. ಆದರೂ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ. ಮೊದಲ ಮಹಾಯುದ್ಧದ ಕಾಲದಲ್ಲಿ ಯುದ್ಧನೌಕೆಗಳ ಟರ್ಬೈನ್ ತಿರುಗುಭಾಗಗಳ ಸಮತೋಲ ಸರಿಪಡಿಸುವ ಕೆಲಸಕ್ಕೆ ಅವನ ಬೆರಳಿನ ಸೂಕ್ಷ್ಮ ನೆರವಾಯಿತು. ಮುಂದೆ ಪಿಸ್ಟನ್ ರಿಂಗ್ ತಯಾರಿಸುವ ಕಂಪನಿಯೊಂದರ ಮುಖ್ಯಸ್ಥನೂ ಆದ. ಅವನ ಬಗ್ಗೆ ಹೇಳುವ ಒಂದು ಕಥೆಯಿದೆ: ಅವನನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದ ವಕೀಲ ಮಿತ್ರನೊಬ್ಬ ಮಾತಾಡುವಾಗ ವೇಗ ಇಳಿಸುತ್ತಿದ್ದ, ಕೇಳಿಸಿಕೊಳ್ಳುವಾಗ ಏರಿಸುತ್ತಿದ್ದ. ಪಕ್ಕದಲ್ಲಿ ಕೂತು ಹಿಂದೆ ಮುಂದೆ ತೂರಾಡಿ ಬೇಸತ್ತ ಟೀಟರ್ ವೇಗವನ್ನು ಒಂದೇ ಸಮನೆ ಇಡುವ ಯಂತ್ರಕ್ಕೆ ಕೈಹಾಕಿದನಂತೆ. 1950ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು, 1958ರಲ್ಲಿ ಕ್ರೈಸ್ಲರ್ ಕಾರುಗಳಲ್ಲಿ ಅದು ಮಾರಾಟಕ್ಕೆ ಬಂತು. ಕಂಪನಿ ಅದಕ್ಕೆ ಕೊಟ್ಟ ಹೆಸರು ಆಟೋ ಪೈಲಟ್. ಹೆಸರಿಡುವವರ ಉತ್ಸಾಹ ಅಂದಿನಿಂದಲೇ ಯಂತ್ರದ ಯೋಗ್ಯತೆಗಿಂತ ನಾಲ್ಕು ಹೆಜ್ಜೆ ಮುಂದಿತ್ತು.

ಈ ಕಥೆಯಲ್ಲಿ ನನ್ನನ್ನು ಹಿಡಿದಿರುವುದು ಟೀಟರ್‌ನ ಜಾಣ್ಮೆಗಿಂತ ಅವನು ಕೂತಿದ್ದ ಜಾಗ. ವೇಗದ ಏರಿಳಿತವನ್ನು ಅವನು ಅನುಭವಿಸಿದ್ದು ಪಕ್ಕದ ಸೀಟಿನಲ್ಲಿ, ತನ್ನ ಮೈಯಿಂದ. ‘ಮೈಯೆಲ್ಲ ಕಣ್ಣಾಗಿ’ ಎಂದು ನಾವು ಮಾತಿಗೆ ಹೇಳುತ್ತೇವೆ, ಅವನ ಪಾಲಿಗೆ ಅದು ದಿನದ ಬದುಕು. ಅಂಥವನು ಮಾಡಿದ ಸಾಧನವನ್ನು ಬಳಸುವಾಗ ಕಣ್ಣಿರುವ ಚಾಲಕ ಕಳೆದುಕೊಳ್ಳುವುದು ಮೈಯ ಕಣ್ಣನ್ನೇ. ಆಕ್ಸಿಲರೇಟರ್ ಮೇಲಿನ ಪಾದ ಬರೀ ಅಪ್ಪಣೆ ಕೊಡುವುದಿಲ್ಲ, ಸುದ್ದಿಯನ್ನೂ ತರುತ್ತದೆ. ರಸ್ತೆ ಏರುತ್ತಿದೆ, ಎದುರು ಗಾಳಿಯಿದೆ, ಎಂಜಿನ್ ಏದುಸಿರು ಬಿಡುತ್ತಿದೆ ಎಂಬುದು ತಲೆಗಿಂತ ಮೊದಲು ಪಾದಕ್ಕೆ ತಿಳಿಯುತ್ತದೆ. ದೂರದಲ್ಲಿ ಏನೋ ಕಪ್ಪಗೆ ಕಂಡರೆ, ಅದು ಎಮ್ಮೆಯೋ ಟೈರೋ ಎಂದು ತೀರ್ಮಾನವಾಗುವ ಮೊದಲೇ ಪಾದ ತುಸು ಹಗುರಾಗಿರುತ್ತದೆ. ಆ ‘ತುಸು’ವಿನಲ್ಲಿ ಎಷ್ಟು ಜೀವಗಳು ಉಳಿದಿವೆಯೋ ಲೆಕ್ಕ ಇಟ್ಟವರಿಲ್ಲ.

ಕನ್ನಡದಲ್ಲಿ ಗಮನ ತಪ್ಪುವುದಕ್ಕೆ ಮೈಮರೆವು ಎನ್ನುತ್ತೇವೆ. ಮನಸ್ಸು ಮರೆಯಿತು ಎನ್ನದೆ ಮೈಯನ್ನು ಮರೆತೆ ಎನ್ನುವ ಈ ಮಾತಿನಲ್ಲಿ ಒಂದು ತಿಳಿವಳಿಕೆ ಇದೆ ಎಂದು ನನಗೆ ತೋರುತ್ತದೆ. ಎಚ್ಚರ ಎನ್ನುವುದು ತಲೆಯೊಳಗೆ ಉರಿಯುವ ಬಿಡಿ ದೀಪವಲ್ಲ. ಕೈಕಾಲು ಏನನ್ನೋ ಮಾಡುತ್ತಿರುವಾಗ ಆ ಮಾಡುವಿಕೆಯ ಒಳಗೇ ಅದು ಇರುತ್ತದೆ. ಶಿವರಾತ್ರಿಯ ಜಾಗರಣೆಯನ್ನು ನೆನೆಸಿಕೊಳ್ಳಿ. ರಾತ್ರಿಯಿಡೀ ಎಚ್ಚರವಿರಿ ಎಂದು ಜನರನ್ನು ಸುಮ್ಮನೆ ಕೂರಿಸಿದ ಊರು ಯಾವುದಾದರೂ ಉಂಟೆ? ಭಜನೆ ಇಡುತ್ತಾರೆ, ಜಾವಕ್ಕೊಂದು ಪೂಜೆ ಇಡುತ್ತಾರೆ, ನಾಟಕ ಆಡಿಸುತ್ತಾರೆ. ತಾಳ ಹಾಕುವ ಕೈ ಎಚ್ಚರವಾಗಿರುತ್ತದೆ, ಕಂಬಕ್ಕೊರಗಿ ಕೇಳುವವನು ಎರಡನೆಯ ಜಾವಕ್ಕೇ ತೂಕಡಿಸುತ್ತಾನೆ. ಬರಿಯ ಎಚ್ಚರ ಮನುಷ್ಯನಿಂದ ಆಗುವ ಕೆಲಸವಲ್ಲ ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಇದನ್ನೇ ಪ್ರಯೋಗದಿಂದ ತೋರಿಸಿದವರು ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್. ಯುದ್ಧಕಾಲದಲ್ಲಿ ರೇಡಾರ್ ಪರದೆ ನೋಡುತ್ತ ಕೂತವರು ಕಣ್ಣೆದುರಿನ ಸುಳಿವನ್ನೇ ಯಾಕೆ ಬಿಟ್ಟುಬಿಡುತ್ತಾರೆ ಎಂಬ ಪ್ರಶ್ನೆಯಿಂದ ಅವರ ಕೆಲಸ ಶುರುವಾಯಿತು. ಗಡಿಯಾರದಂಥ ಒಂದು ಮುಳ್ಳು, ಅಪರೂಪಕ್ಕೊಮ್ಮೆ ಒಂದರ ಬದಲು ಎರಡು ಹೆಜ್ಜೆ ಹಾರುತ್ತದೆ. ಹಾರಿದ್ದನ್ನು ಕಂಡರೆ ಹೇಳಬೇಕು. ಮೊದಲ ಅರ್ಧ ಗಂಟೆ ಕಳೆಯುತ್ತಿದ್ದಂತೆಯೇ ಜನ ಗುರುತಿಸುವುದು ಇಳಿಯಿತು. 1948ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಕೂತಿದ್ದವರು ಸೋಮಾರಿಗಳೇನಲ್ಲ. 1983ರಲ್ಲಿ ಲಿಸಾನ್ ಬೈನ್‌ಬ್ರಿಡ್ಜ್ ಎಂಬ ಮನಶ್ಶಾಸ್ತ್ರಜ್ಞೆ ಸ್ವಯಂಚಾಲನೆಯ ವ್ಯಂಗ್ಯಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸುಲಭವಾದ ಭಾಗವನ್ನು ಯಂತ್ರಕ್ಕೆ ವಹಿಸಿ, ಯಂತ್ರದಿಂದಾಗದ ಕಷ್ಟದ ಭಾಗವನ್ನು ಮನುಷ್ಯನಿಗೆ ಬಿಡುತ್ತೇವೆ. ಆ ಕಷ್ಟದ ಗಳಿಗೆ ಬಂದಾಗ ಅವನು ಬಹಳ ಹೊತ್ತಿನಿಂದ ಏನೂ ಮಾಡದೆ ಕೂತವನಾಗಿರುತ್ತಾನೆ. ಅವರು ನೋಡುತ್ತಿದ್ದದ್ದು ಕಾರ್ಖಾನೆಗಳ ನಿಯಂತ್ರಣ ಕೊಠಡಿಗಳನ್ನು. ಹೆದ್ದಾರಿಯಲ್ಲಿ ಕಾಲು ಚಾಚಿ ಕೂತ ಚಾಲಕನಿಗೂ ಆ ಮಾತು ಒಪ್ಪುತ್ತದೆ.

ನಮ್ಮ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ ಮೂಲಕ ಹಾದುಹೋಗುವ ರೈಲುಗಳ ಲೋಕೊ ಪೈಲಟ್‌ಗಳನ್ನು ಇಲ್ಲಿ ನೆನೆಯಬೇಕು. ರೈಲಿಗೆ ಸ್ಟೀರಿಂಗ್ ಇಲ್ಲ, ಹಳಿ ಕರೆದಲ್ಲಿಗೆ ಹೋಗುತ್ತದೆ. ಹಾಗಾಗಿಯೇ ಭಾರತೀಯ ರೈಲ್ವೆ ಎಂಜಿನ್ನಿನಲ್ಲಿ ಎಚ್ಚರ ಪರೀಕ್ಷಿಸುವ ಸಾಧನವೊಂದನ್ನು ಇಟ್ಟಿದೆ. ಸುಮಾರು ಒಂದು ನಿಮಿಷ ಚಾಲಕ ಏನೂ ಮಾಡದಿದ್ದರೆ ದೀಪ ಮಿನುಗುತ್ತದೆ, ಆಮೇಲೆ ಸದ್ದು ಕೂಗುತ್ತದೆ, ಅದಕ್ಕೂ ಉತ್ತರ ಬರದಿದ್ದರೆ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಇದರಲ್ಲಿ ಚಾಲಕನಿಗೆ ಅವಮಾನವೇನೂ ಇಲ್ಲ. ತರಬೇತಾದ ಮನುಷ್ಯನೂ ಮಂಕಾಗುತ್ತಾನೆ ಎಂದು ಒಪ್ಪಿಕೊಂಡ ವ್ಯವಸ್ಥೆ ಅದು. ಸಾಧಾರಣ ಕ್ರೂಸ್ ಕಂಟ್ರೋಲ್ ಇರುವ ಕಾರಿನಲ್ಲಿ ಯಾರೂ ನಿಮ್ಮನ್ನು ಹೀಗೆ ಕರೆದು ಕೇಳುವುದಿಲ್ಲ.

ಹಳಬರ ಜೊತೆ ಇದನ್ನು ಮಾತಾಡಿದರೆ ಎತ್ತಿನ ಗಾಡಿಯ ಮಾತು ಬಂದೇ ಬರುತ್ತದೆ. ಸಂತೆ ಮುಗಿಸಿ ರಾತ್ರಿ ಗಾಡಿ ಕಟ್ಟಿ, ಹುಲ್ಲಿನ ಮೇಲೆ ಒರಗಿ ನಿದ್ದೆ ಹೋದರೂ ಎತ್ತುಗಳು ಮನೆ ಮುಂದೆ ತಂದು ನಿಲ್ಲಿಸುತ್ತಿದ್ದವು, ನಿಮ್ಮ ಕಾರಿನದೇನು ಹೆಚ್ಚುಗಾರಿಕೆ ಎಂದು ನಮ್ಮ ತಾತ ಕೇಳಿದ್ದರು. ಹೋಲಿಕೆ ಚೆನ್ನಾಗಿದೆ, ಆದರೆ ಅದು ಕಾರಿನ ವಿರುದ್ಧವೇ ಸಾಕ್ಷಿ ಹೇಳುತ್ತದೆ. ತಾತ ಎತ್ತುಗಳಿಗೆ ಎಳೆಯುವ ಕೆಲಸದ ಜೊತೆಗೆ ನೋಡುವ ಕೆಲಸವನ್ನೂ ಒಪ್ಪಿಸಿ ಮಲಗುತ್ತಿದ್ದರು. ದಾರಿಯಲ್ಲಿ ಯಾರಾದರೂ ಬಿದ್ದಿದ್ದರೆ ಎತ್ತು ನಿಲ್ಲುತ್ತದೆ, ಹಳ್ಳ ಬಂದಿದ್ದರೆ ಮೂಸಿ ಹಿಂದೆ ಸರಿಯುತ್ತದೆ. ಅದಕ್ಕೂ ಜೀವದ ಆಸೆಯಿದೆ, ಅದಕ್ಕೂ ಭಯವಿದೆ. ಗಾಡಿಯ ಎಚ್ಚರ ತಾತನಿಂದ ಎತ್ತಿಗೆ ದಾಟಿತ್ತೇ ಹೊರತು ಎಲ್ಲೂ ಕಳೆದುಹೋಗಿರಲಿಲ್ಲ. ಕ್ರೂಸ್ ಕಂಟ್ರೋಲ್‌ಗೆ ಹೋಲುವುದು ಎತ್ತಲ್ಲ, ತೋಟದ ಬಾವಿಯ ಡೀಸೆಲ್ ಎಂಜಿನ್ನಿನ ಗವರ್ನರ್. ಹೊರೆ ಹೆಚ್ಚಾದರೆ ಎಣ್ಣೆ ಹೆಚ್ಚು, ಹೊರೆ ಇಳಿದರೆ ಎಣ್ಣೆ ಕಡಿಮೆ. ಬಾವಿಯಲ್ಲಿ ನೀರಿದೆಯೋ ಇಲ್ಲವೋ ಅದರ ಚಿಂತೆಯಲ್ಲ.

ಈಗ ಚಿಕ್ಕಪ್ಪನ ಕಾರಿಗೆ ಬರುತ್ತೇನೆ. ಬೆಂಗಳೂರಿನಿಂದ ಊರಿಗೆ ಬರುವಾಗ ಹಿರಿಯೂರು ದಾಟಿದ ಮೇಲೆ ರಾಷ್ಟ್ರೀಯ ಹೆದ್ದಾರಿ 48 ಚಿತ್ರದುರ್ಗದ ಕಡೆಗೆ ನೀಟಾಗಿ ಹಾಸಿಕೊಂಡಿದೆ. ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಮ್ಮ ಪಾಡಿಗೆ ತಿರುಗುತ್ತಿರುತ್ತವೆ. ಚಿಕ್ಕಪ್ಪ ಗುಂಡಿ ಒತ್ತಿ ಕಾಲು ಹಿಂದಕ್ಕೆಳೆದುಕೊಂಡಿದ್ದರು. ಮುಂದೆ ಒಂದು ಲಾರಿ ಇನ್ನೊಂದು ಲಾರಿಯನ್ನು ಬಲಗಡೆಯಿಂದ ನಿಧಾನಕ್ಕೆ ದಾಟುತ್ತಿತ್ತು, ಲಾರಿಗಳ ಲೋಕದಲ್ಲಿ ಇದು ಐದು ನಿಮಿಷದ ಕೆಲಸ. ಚಿಕ್ಕಪ್ಪ ಬ್ರೇಕ್ ಮುಟ್ಟಲಿಲ್ಲ. ಡಿಪ್ಪರ್ ಹೊಡೆದರು, ಹಾರನ್ ಬಾರಿಸಿದರು, ಕೊನೆಗೆ ಎಡಕ್ಕೆ ತಿರುಗಿಸಿ ರಸ್ತೆಯ ಅಂಚಿನಿಂದಲೇ ನುಗ್ಗಿ ಪಾರಾದರು.

“ಬ್ರೇಕ್ ಹಾಕಬಹುದಿತ್ತಲ್ಲ ಚಿಕ್ಕಪ್ಪ?”

“ಹಾಕಿದ್ರೆ ಸೆಟ್ ಮಾಡಿದ್ದು ಹೋಗ್ತತಲ್ಲೋ.”

“ಮತ್ತೆ ಒತ್ತಿದ್ರೆ ಬರ್ತತಲ್ಲ.”

“ಬರ್ತತೆ. ಆದ್ರೂ...”

ಆ ‘ಆದ್ರೂ’ ಮೇಲೆ ನಾನು ಒಂದು ಅಧ್ಯಾಯ ಬರೆಯಬಲ್ಲೆ. ಚಿಕ್ಕಪ್ಪ ಹುಂಬರಲ್ಲ. ನಲವತ್ತು ವರ್ಷದಿಂದ ಟ್ರ್ಯಾಕ್ಟರು, ಜೀಪು, ಕಾರು ಎಲ್ಲ ಓಡಿಸಿದವರು, ಯಾರ ಮೈಗೂ ಗಾಡಿ ತಾಗಿಸಿದವರಲ್ಲ. ಕಾಲು ಆಕ್ಸಿಲರೇಟರ್ ಮೇಲಿದ್ದಿದ್ದರೆ ಅದು ತಾನಾಗಿ ಮೇಲೇಳುತ್ತಿತ್ತು. ಆಗ 90 ಎಂಬುದು ಆಯಾ ಗಳಿಗೆಯಲ್ಲಿ ರಸ್ತೆಯ ಜೊತೆ ಮಾಡಿಕೊಂಡ ಒಪ್ಪಂದ, ಗಳಿಗೆಗೊಮ್ಮೆ ಬದಲಾಗುವಂಥದ್ದು. ಗುಂಡಿ ಒತ್ತಿದ ಮೇಲೆ ಅದೇ 90 ಕೈಗೆ ಬಂದ ಆಸ್ತಿಯಂತಾಗುತ್ತದೆ. ಬ್ರೇಕ್ ಹಾಕಿದರೆ ಏನೋ ನಷ್ಟ, ಎದುರು ಬಂದವರು ನಮ್ಮದನ್ನು ಕಸಿದರು ಎಂಬ ಸಣ್ಣ ಸಿಟ್ಟು. ನಿಧಾನವಾಗುವುದು ಚಾಲನೆಯ ಸಹಜ ಭಾಗವಾಗಿದ್ದದ್ದು ಈಗ ಅಡ್ಡಿಯೆಂದು ಕಾಣುತ್ತದೆ. ಯಂತ್ರ ಮನುಷ್ಯನನ್ನು ಕೆಡಿಸಿತು ಎಂದು ನಾನು ಹೇಳುತ್ತಿಲ್ಲ, ಅಂಥ ದೊಡ್ಡ ಮಾತಿಗೆ ಈ ಗುಂಡಿ ಯೋಗ್ಯವಲ್ಲ. ಆದರೆ ನಮ್ಮ ಅನುಕೂಲ ಎಲ್ಲರ ಮೇಲೆ ನಮಗಿರುವ ಹಕ್ಕಾಗಿ ಮಾರ್ಪಡುವ ಗಳಿಗೆ ಇಷ್ಟು ಸ್ಪಷ್ಟವಾಗಿ ಕಾಣಸಿಗುವ ಜಾಗ ಬೇರೆ ಕಡಿಮೆ.

ಆ ಹಕ್ಕಿನ ಎದುರಿಗೆ ಬರುವವರು ಯಾರು? ನಮ್ಮ ಜಿಲ್ಲೆಯಲ್ಲಿ ಹೆದ್ದಾರಿ ಅಗಲವಾದಾಗ ಎಷ್ಟೋ ಕಡೆ ಊರು ಒಂದು ಬದಿಗೆ, ಹೊಲ ಇನ್ನೊಂದು ಬದಿಗೆ ಉಳಿಯಿತು. ಡಿವೈಡರ್‌ನ ದಾರಿ ದೂರವಿದ್ದರೆ ಬೈಕಿನ ಹಿಂದೆ ಮೇವಿನ ಹೊರೆ ಕಟ್ಟಿದವನು ಅಂಚು ಹಿಡಿದು ಎದುರಿನಿಂದಲೇ ಬರುತ್ತಾನೆ. ಅದು ನಿಯಮದ ಪ್ರಕಾರ ತಪ್ಪು. ಆದರೆ ಅವನು ದಿನಾ ನಡೆದಾಡುತ್ತಿದ್ದ ದಾರಿಯ ಮೇಲೆ ರಸ್ತೆ ಬಂದದ್ದೇ ಹೊರತು ರಸ್ತೆಯ ಮೇಲೆ ಅವನು ಬಂದದ್ದಲ್ಲ. ಕುರಿ ಹಿಂಡು ದಾಟಿಸುವವನು, ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರಿನ ಮೇಲೆ ಮೆಕ್ಕೆಜೋಳದ ಚೀಲ ಹೇರಿಕೊಂಡವನು, ಬಸ್ಸಿಳಿದು ಆಚೆ ಬದಿಗೆ ಓಡುವ ಶಾಲೆಯ ಹುಡುಗಿ, ಇವರಲ್ಲಿ ಯಾರನ್ನೂ ಕೇಳಿ ನಾವು 90 ಗೊತ್ತುಮಾಡಿಲ್ಲ. ಗುಂಡಿಯ ಸುಖ ಒಳಗೆ ಕೂತವನಿಗೆ, ಅದರ ಅಪಾಯದಲ್ಲಿ ದೊಡ್ಡ ಪಾಲು ಹೊರಗಿರುವವರಿಗೆ. ಮುಂದಿನ ವಾಹನ ನೋಡಿ ತಾನೇ ನಿಧಾನಿಸುವ ಹೊಸ ಬಗೆಯ ಕ್ರೂಸ್ ಕಂಟ್ರೋಲ್ ಬಂದಿದೆಯಲ್ಲ ಎನ್ನಬಹುದು. ನಿಂತ ವಾಹನವನ್ನು, ಸಣ್ಣ ವಾಹನವನ್ನು, ಅಡ್ಡ ಬರುವುದನ್ನು ಇದು ಗುರುತಿಸದೆ ಹೋಗಬಹುದು ಎಂದು ಅವುಗಳ ಕೈಪಿಡಿಗಳಲ್ಲೇ ಬರೆದಿರುತ್ತಾರೆ. ನಮ್ಮ ರಸ್ತೆಯ ಮುಕ್ಕಾಲು ಪಾಲು ಆ ಪಟ್ಟಿಯಲ್ಲೇ ಬರುತ್ತದೆ.

ಅಪಘಾತದ ಸುದ್ದಿಗಳಲ್ಲಿ, ಪೊಲೀಸ್ ದೂರುಗಳಲ್ಲಿ ಒಂದು ಸಿದ್ಧ ಮಾತಿದೆ: ‘ಅತಿವೇಗ ಮತ್ತು ಅಜಾಗರೂಕತೆಯಿಂದ’. ಎರಡೂ ಜೋಡಿಯಾಗಿಯೇ ಬರುತ್ತವೆ ಎಂದು ನಾವು ನಂಬಿದ್ದೇವೆ. ಕ್ರೂಸ್ ಕಂಟ್ರೋಲ್ ಈ ಜೋಡಿಯನ್ನು ಬಿಡಿಸುತ್ತದೆ. ಡಿವೈಡರ್ ಇರುವ ಚತುಷ್ಪಥದಲ್ಲಿ ಕಾರಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಪಡಿಸಿದ ಮಿತಿ 100. ಚಿಕ್ಕಪ್ಪನ 90 ಅದರೊಳಗೇ ಇದೆ. ಅತಿವೇಗವಿಲ್ಲದೆ ಅಜಾಗರೂಕತೆ ಮಾತ್ರ ಉಳಿದಾಗ ಅದು ಚಾಲಕನ ಕಣ್ಣಿಗೇ ಬೀಳುವುದಿಲ್ಲ. ನಾನು ನಿಯಮ ಮೀರಿಲ್ಲ ಎಂಬ ನೆಮ್ಮದಿಯೇ ಅದನ್ನು ಮುಚ್ಚಿಡುತ್ತದೆ. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಗೆ ಬಂದ ಮೇಲೆ ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದ್ದಕ್ಕೆ ಶಿಕ್ಷೆ ಐದು ವರ್ಷದವರೆಗೂ ಹೋಗಬಹುದು, ಮೊದಲು ಎರಡು ವರ್ಷವಿತ್ತು. ವೇಗ ಹಿಡಿದದ್ದು ಕಾರು ಎಂಬ ಸಮಜಾಯಿಷಿಗೆ ಅಲ್ಲಿ ಜಾಗವಿಲ್ಲ.

ಆದರೆ ಕಾನೂನಿನ ಹೊರಗೂ ಒಂದು ಪ್ರಶ್ನೆ ಉಳಿಯುತ್ತದೆ. ಅರ್ಧ ಗಂಟೆಯ ನಂತರ ಮನುಷ್ಯ ಮಂಕಾಗುವುದು ಸಹಜವಾದರೆ, ಮಂಕಾದದ್ದಕ್ಕೆ ಅವನನ್ನು ದೂರುವುದು ಸರಿಯೇ? ಅರಿಸ್ಟಾಟಲ್ ಕುಡುಕನ ಬಗ್ಗೆ ಹೇಳಿದ್ದು ಇಲ್ಲಿ ನೆರವಿಗೆ ಬರುತ್ತದೆ. ಕುಡಿದು ತಪ್ಪು ಮಾಡಿದವನಿಗೆ ಇಮ್ಮಡಿ ದಂಡ ಹಾಕುವ ಪದ್ಧತಿಯನ್ನು ಅವನು ತನ್ನ ನೀತಿಗ್ರಂಥದಲ್ಲಿ ಉಲ್ಲೇಖಿಸುತ್ತಾನೆ. ತಪ್ಪು ಮಾಡುವಾಗ ಅವನಿಗೆ ಅರಿವಿರಲಿಲ್ಲ ನಿಜ, ಆದರೆ ಕುಡಿಯದೆ ಇರುವುದು ಅವನ ಕೈಯಲ್ಲಿತ್ತು. ಕ್ರೂಸ್ ಕಂಟ್ರೋಲ್ ಬಳಸುವುದನ್ನು ಕುಡಿತಕ್ಕೆ ಹೋಲಿಸಿದರೆ ಓದುಗರು ನಗಬಹುದು, ನಗಲಿ. ನಾನು ತೆಗೆದುಕೊಳ್ಳುವುದು ಒಂದೇ ಎಳೆ. ಹೊಣೆ ಇರುವುದು ಕುರಿಯ ಹಿಂಡು ಎದುರಾದ ಅರೆಗಳಿಗೆಯಲ್ಲಲ್ಲ. ಆಗ ಯಾರಿಗೂ ಆಯ್ಕೆ ಇರುವುದಿಲ್ಲ. 100 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ, ಸೀಟಿನ ಕೆಳಗೆ ಮಡಚಿಟ್ಟ ಕಾಲು ಬ್ರೇಕ್ ಹುಡುಕುವಷ್ಟರಲ್ಲಿ ಮಾತು ಮುಗಿದಿರುತ್ತದೆ. ಹೊಣೆ ಇರುವುದು ಗುಂಡಿ ಒತ್ತುವ ಮೊದಲಿನ ಬಿಡುವಿನಲ್ಲಿ. ಈ ರಸ್ತೆ, ಈ ಹೊತ್ತು, ನನ್ನ ಈ ನಿದ್ದೆಗಣ್ಣು, ಇವನ್ನು ತೂಗಿ ನೋಡಲು ನನಗೆ ಆಗ ಸಮಯವಿತ್ತು.

ಗುಂಡಿಗೆ ಅದರ ನ್ಯಾಯವನ್ನೂ ಕೊಡಬೇಕು. ಚಿಕ್ಕಪ್ಪನ ಬಲಮಂಡಿಗೆ ನೋವಿದೆ; 200 ಕಿಲೋಮೀಟರ್ ಪೆಡಲ್ ಒತ್ತಿ ಕೂರುವುದು ಅವರಿಗೆ ಶಿಕ್ಷೆ, ನೋವಿನಿಂದ ಮುಖ ಕಿವುಚಿಕೊಂಡವನ ಗಮನವೂ ರಸ್ತೆಯ ಮೇಲಿರುವುದಿಲ್ಲ. ಖಾಲಿ ಹೆದ್ದಾರಿಯಲ್ಲಿ ಗೊತ್ತಾಗದಂತೆ 80ರಿಂದ 110ಕ್ಕೆ ಏರುವ ಕಾಲುಗಳಿಗೆ ಇದು ಒಳ್ಳೆಯ ಕಡಿವಾಣ. ಹಾಗಾಗಿ ಬಳಸಲೇಬೇಡಿ ಎಂದು ನಾನು ಹೇಳಲಾರೆ. ಒಂದು ಕೆಲಸ ಯಂತ್ರಕ್ಕೆ ಹೋದಾಗ ಎಚ್ಚರ ಒರಗಲು ಇನ್ನೊಂದು ಕೆಲಸ ಬೇಕು ಎನ್ನುವುದಷ್ಟೇ ನನ್ನ ವಾದ, ಭಜನೆಯವನಿಗೆ ತಾಳ ಇದ್ದಂತೆ. ಪಾದವನ್ನು ಬ್ರೇಕ್ ಪೆಡಲಿನ ಹತ್ತಿರವೇ ನಿಲ್ಲಿಸಿಕೊಳ್ಳುವುದು ಅಂಥದ್ದು. ಕನ್ನಡಿಗಳನ್ನು ಸರದಿಯಂತೆ ನೋಡುವುದು, ದೂರದಲ್ಲಿ ಲಾರಿಯ ಇಂಡಿಕೇಟರ್ ಕಂಡೊಡನೆ, ಅಗತ್ಯ ಬರುವ ಮೊದಲೇ ಕಳಚಿಬಿಡುವುದು, ಇಪ್ಪತ್ತು ನಿಮಿಷಕ್ಕೊಮ್ಮೆ ಬೇಕೆಂದೇ ಕಾಲಿಗೆ ಕೆಲಸ ಮರಳಿಸುವುದು ಕೂಡ. ಕಳಚುವುದನ್ನು ನಷ್ಟವೆಂದು ಎಣಿಸದಿರುವುದು ಇವುಗಳಲ್ಲಿ ಎಲ್ಲಕ್ಕಿಂತ ಕಷ್ಟದ್ದು. ಮಳೆ ಹನಿದರೆ ಕೈ ಮೊದಲು ಹೋಗಬೇಕಾದದ್ದು ಆ ಗುಂಡಿಗೆ, ಏಕೆಂದರೆ ನೀರು ನಿಂತ ರಸ್ತೆಯಲ್ಲಿ ಚಕ್ರ ಹಿಡಿತ ಬಿಟ್ಟಾಗಲೂ ಯಂತ್ರ ವೇಗ ಉಳಿಸಿಕೊಳ್ಳಲು ಹೆಣಗುತ್ತದೆ. ಅಂಥ ಹೊತ್ತಿನಲ್ಲಿ ಮೆಲ್ಲಗೆ ಹಗುರಾಗಬಲ್ಲದ್ದು ಮನುಷ್ಯನ ಪಾದ ಮಾತ್ರ.

ಇನ್ನು ಆ ಗುಂಡಿಯ ಪಕ್ಕದಲ್ಲೇ ಇರುವ ‘ರೆಸ್ಯೂಮ್’ ಗುಂಡಿ. ಮೊದಲು ಗೊತ್ತುಮಾಡಿದ್ದ ವೇಗಕ್ಕೆ ಮರಳಿಸುವುದು ಅದರ ಕೆಲಸ. ಕಾರಿಗೆ ಅಂಕಿ ನೆನಪಿರುತ್ತದೆ, ಯಾವ ರಸ್ತೆಯ ಅಂಕಿ ಎಂಬುದು ನೆನಪಿರುವುದಿಲ್ಲ. ಚಿತ್ರದುರ್ಗದಲ್ಲಿ ಹೆದ್ದಾರಿ ಬಿಟ್ಟು ಹೊಳಲ್ಕೆರೆ ರಸ್ತೆಗೆ ತಿರುಗಿದ ಮೇಲೂ ಅದರೊಳಗೆ 90 ಹಾಗೆಯೇ ಕೂತಿರುತ್ತದೆ. ಸುಗ್ಗಿಯ ಕಾಲದಲ್ಲಿ ನಮ್ಮ ಕಡೆಯ ಊರ ರಸ್ತೆಗಳಲ್ಲಿ ಕಣವಿಲ್ಲದವರು ಟಾರಿನ ಮೇಲೆಯೇ ರಾಗಿ ತೆನೆ, ಹುರುಳಿ ಹರಡುತ್ತಾರೆ. ಬೆಳೆಯ ಸುತ್ತ ಕಲ್ಲು ಇಟ್ಟಿರುತ್ತಾರೆ. ಮೊರ ಹಿಡಿದ ಹೆಂಗಸರು ವಾಹನಗಳಿಗೆ ಬೆನ್ನು ಮಾಡಿಕೊಂಡು ತೂರುತ್ತಿರುತ್ತಾರೆ. ಬೆನ್ನು ಮಾಡಿಕೊಂಡು, ಎಂದರೆ ಬರುವವನ ಎಚ್ಚರವನ್ನು ನಂಬಿಕೊಂಡು.

ಮೊನ್ನೆ ಆ ತಿರುವಿನಲ್ಲಿ ಚಿಕ್ಕಪ್ಪ ಕ್ರೂಸ್ ಕಂಟ್ರೋಲನ್ನು ಪೂರ್ತಿ ಆಫ್ ಮಾಡಿದರು, ನೆನಪೂ ಅಳಿಸಿಹೋಗುವಂತೆ. ನಾನು ಏನೂ ಹೇಳಿರಲಿಲ್ಲ.

“ಇಲ್ಲಿಂದಾಚೆ ನಮ್ಮೋರು ಓಡಾಡ್ತಾರೆ,” ಅಂದರು.

“ಹಿಂದೆ ಬಿಟ್ಟು ಬಂದ್ವಲ್ಲ, ಹೈವೇ ಮೇಲೆ ಓಡಾಡೋರು?”

ಚಿಕ್ಕಪ್ಪ ಮಾತಾಡಲಿಲ್ಲ. ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿ, ಗೇರ್ ಇಳಿಸಿದರು.